ಆಯಿಯ ಕೊರಳ ಬೆಳ್ಳಿ

ಕಳ್ಳರು ಬಂದಿದ್ದರೆ ನಮ್ಮವ್ವ ಬೊಬ್ಬೆ ಹೊಡೆದು ಓಣಿಯನ್ನೇ ಎಬ್ಬಿಸುತ್ತಿದ್ದಳು. ಆದರೆ ಬಂದವರು ಕಂಪನಿಯವರು. ಅವರ ಕೈಯಲ್ಲಿ ಕೋರ್ಟಿನ ಆರ್ಡರ್ ಇತ್ತು, ಬಾಗಿಲಲ್ಲಿ ಒಬ್ಬ ಪೊಲೀಸನನ್ನು ನಿಲ್ಲಿಸಿದ್ದರು. ಹಾಗಾಗಿ ಅವ್ವ ಅವರಿಗೆ ಕುರ್ಚಿ ಹಾಕಿಕೊಟ್ಟಳು, ತಂಬಿಗೆಯಲ್ಲಿ ನೀರು ತಂದಿಟ್ಟಳು, ಸೆರಗು ಸರಿಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ನಮ್ಮ ಮನೆ ಜಾಲಾಡಲು ಬಂದವರಿಗೆ ನಾವು ಚಹಾ ಕೂಡ ಮಾಡಿಕೊಟ್ಟೆವು. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಆಗಿನ್ನೂ ಹೈದರಾಬಾದು ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿ. ಗುಲ್ಬರ್ಗಾ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಅಪ್ಪ ಪಟಾನ್‌ಚೆರುವಿನ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದ. ಬೆಳ್ಳಿಯನ್ನು ಆಸಿಡ್ಡಿನಲ್ಲಿ ಕರಗಿಸಿ, ಕನ್ನಡಿ ಮಾಡುವವರಿಗೂ ಫೋಟೋ ಫಿಲ್ಮಿನವರಿಗೂ ಬೇಕಾದ ಒಂದು ಬಗೆಯ ಉಪ್ಪು ತಯಾರಿಸುವ ಕಾರ್ಖಾನೆ ಅದು. ಬೆಳ್ಳಿಯ ಗಟ್ಟಿಗಳು ಅಪ್ಪನ ಕೋಣೆಯಿಂದ ಒಳಗೆ ಹೋಗುತ್ತಿದ್ದವು. ಒಂದು ಸಲ ತೂಕ ನೋಡಿದಾಗ ಬೆಳ್ಳಿ ಕಡಿಮೆ ಬಂತು. ಕೀಲಿಕೈ ಇದ್ದವನೇ ಕಳ್ಳ ಎಂದು ಮೇಲಿನವರು ತೀರ್ಮಾನಿಸಿದರು. ಕೀಲಿಕೈ ಬೇರೆಯವರ ಹತ್ತಿರವೂ ಇತ್ತು. ಆದರೆ ಆ ಬೇರೆಯವರು ಮೇಲಿನವರೇ.

ಅಪ್ಪನನ್ನು ಕೆಲಸದಿಂದ ದೂರ ಇಟ್ಟರು, ವಿಚಾರಣೆ ಶುರುವಾಯಿತು. ಅಪ್ಪ ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಆಫೀಸರುಗಳ ಮುಂದೆ ಕೈ ಮುಂದಕ್ಕೆ ಕಟ್ಟಿಕೊಂಡು ನಿಂತು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಬರುತ್ತಿದ್ದ. ಮನೆಗೆ ಬಂದು "ಏನೂ ಆಗಂಗಿಲ್ಲ, ಸುಮ್ನ ಕೇಳಾಕತ್ತಾರ" ಎನ್ನುತ್ತಿದ್ದ. ನಾವು ನಂಬಿದೆವು. ನಂಬದೆ ಮಾಡುವುದೇನಿತ್ತು?

ಕಳವಾದರೆ ಪೊಲೀಸರು ಹುಡುಕುತ್ತಾರೆ, ನಮಗೆ ಗೊತ್ತಿದ್ದದ್ದು ಅಷ್ಟೇ. ಒಂದು ಕಂಪನಿ ತಾನೇ ಕೋರ್ಟಿಗೆ ಹೋಗಿ, ನಮ್ಮ ಕಿವಿಗೆ ಬೀಳದಂತೆ, "ಇಂಥವನ ಮನೆಯಲ್ಲಿ ನಮ್ಮ ಆಸ್ತಿ ಅಡಗಿಸಿಟ್ಟಿದೆ, ಒಳಗೆ ಹೋಗಿ ಹುಡುಕಲು ನಮಗೆ ಹಕ್ಕು ಕೊಡಿ" ಎಂದು ಕೇಳಬಹುದು, ಕೋರ್ಟು ಕೊಡಲೂಬಹುದು ಎಂಬುದು ಅವತ್ತು ತಿಳಿಯಿತು. ಹುಡುಕಾಟ ಸರಿಯಾಗಿ ನಡೆಯುವಂತೆ ನೋಡಿಕೊಳ್ಳಲು ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಎಂದು ನೇಮಿಸಿತ್ತು. ಮುಂಚೆಯೇ ತಿಳಿಸಿದರೆ ನೀವು ಮಾಲು ಸಾಗಿಸಿಬಿಡುತ್ತೀರಲ್ಲ, ಅದಕ್ಕೇ ತಿಳಿಸುವುದಿಲ್ಲ ಎಂದು ಅವರು ನನಗೆ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಮಗ್ಗಿ ಹೇಳಿಕೊಡುವ ಮೇಷ್ಟರ ದನಿ ಅದು, ಸಿಟ್ಟೂ ಇಲ್ಲ ನಾಚಿಕೆಯೂ ಇಲ್ಲ.

ನಾನು ಆಗ ಕೋಠಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮನೆಯಲ್ಲಿ ತೆಲುಗು ಸರಾಗವಾಗಿ ಬರುತ್ತಿದ್ದದ್ದು ಅಪ್ಪನಿಗೆ ಮತ್ತು ನನಗೆ. ಅಪ್ಪ ಅವತ್ತು ಗೋಡೆಗೆ ಆತು ನಿಂತವನು ಬಾಯಿ ಬಿಡಲಿಲ್ಲ. ಹಾಗಾಗಿ ಎರಡೂ ಕಡೆಯ ಮಾತು ನನ್ನ ಬಾಯಿಯಿಂದಲೇ ಹಾಯಬೇಕಾಯಿತು. ನಮ್ಮನ್ನು ಕಳ್ಳರೆಂದವರ ಮಾತನ್ನು ನಾನೇ ಅಚ್ಚ ಕನ್ನಡಕ್ಕೆ ತಂದು ನಮ್ಮವರಿಗೆ ಬಡಿಸಬೇಕು. ಎಂಥ ದರಿದ್ರ ಕೆಲಸ.

ಹುಡುಕಿದವನು ಕಂಪನಿಯ ಕೆಮಿಸ್ಟ್. ಬೆಳ್ಳಿಯ ಗುರುತು ಅವನಿಗೆ ಚೆನ್ನಾಗಿ ಸಿಗುತ್ತದೆಂದು ಅವನನ್ನು ಕರೆತಂದಿದ್ದರು. ಟ್ರಂಕು ತೆಗೆದ, ಹಾಸಿಗೆಯ ಸುರುಳಿ ಬಿಚ್ಚಿ ನೋಡಿದ, ಚಪ್ಪಲಿ ಕಳಚದೆ ದೇವರ ಜಗಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಪಂಚಪಾತ್ರೆಯೊಳಗೆ ಇಣುಕಿದ. ಏನೂ ಸಿಗಲಿಲ್ಲ. ಕಮಿಷನರ್ ಗಡಿಯಾರ ನೋಡಿಕೊಂಡರು. ಇನ್ನೇನು ಮುಗಿಯಿತು ಎನ್ನುವಾಗ ಅವನು ಅಡುಗೆಮನೆಗೆ ನುಗ್ಗಿ ಜೋಳದ ಡಬ್ಬಿಯೊಳಗೆ ಮೊಳಕೈವರೆಗೆ ಕೈ ಇಳಿಬಿಟ್ಟ. ಅವನ ಮುಖ ಅರಳಿದ್ದನ್ನು ನಾನು ನೋಡಿದೆ.

ನಮ್ಮ ಕಡೆಯ ಮನೆಗಳಲ್ಲಿ ಬೆಳ್ಳಿ ಬಂಗಾರ ಇರುವುದೇ ಜೋಳದಲ್ಲಿ. ಅದು ಗುಟ್ಟೂ ಅಲ್ಲ, ಮೋಸವೂ ಅಲ್ಲ. ಮನೆಗೆ ಕಬ್ಬಿಣದ ಕಪಾಟು ಬಂದ ಮೇಲೂ ಕಪಾಟಿನಲ್ಲಿ ಸೀರೆ, ಜೋಳದಲ್ಲಿ ಬೆಳ್ಳಿ, ಹೀಗೇ ನಡೆದುಬಂದಿದೆ. ಅತ್ತೆ ಸೊಸೆಗೆ ಮೊದಲು ತೋರಿಸಿಕೊಡುವುದೇ ಯಾವ ಡಬ್ಬಿ ಎಂಬುದನ್ನು. ಕೆಮಿಸ್ಟ್ ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟ. ಎರಡು ಬಟ್ಟಲು, ಆರತಿಯ ತಟ್ಟೆ, ಅವ್ವನ ಕಾಲ್ಗಡಗ, ಕೂಸಿದ್ದಾಗ ನನಗೆ ಕಟ್ಟಿದ್ದ ಉಡದಾರ. ಎಲ್ಲದಕ್ಕೂ ಜೋಳದ ಧೂಳು ಮೆತ್ತಿತ್ತು. ಕಮಿಷನರ್ "ಅಡಗಿಸಿಟ್ಟ ಸ್ಥಿತಿಯಲ್ಲಿ ಸಿಕ್ಕಿದೆ" ಎಂದು ಬರೆದುಕೊಂಡರು.

"ಜ್ವಾಳದಾಗ ಇಡದ ಮತ್ತೆಲ್ಲಿ ಇಡಬೇಕ್ರಿ?" ಎಂದಳು ಅವ್ವ. "ನಮ್ಮವ್ವನೂ ಅಲ್ಲೇ ಇಡತಿದ್ಲು. ಕೇಳ್ರಿ ಬೇಕಾರ ಯಾರಿಗರೆ."

ನಾನು ಅದನ್ನು ತೆಲುಗಿಗೆ ತಂದೆ. ಕೆಮಿಸ್ಟ್ ನಕ್ಕ. ಗಟ್ಟಿ ಕರಗಿಸಿ ಒಡವೆ ಮಾಡಿಸಿಬಿಟ್ಟರೆ ಕಾರ್ಖಾನೆಯ ಮುದ್ರೆ ಎಲ್ಲಿ ಉಳಿಯುತ್ತದೆ, ಅದಕ್ಕೇ ಧಾನ್ಯದಲ್ಲಿ ಹೂತಿದ್ದಾರೆ ಎಂದ. ಅಲ್ಲಿಂದಾಚೆ ಆ ಮನೆಯಲ್ಲಿ ಬಿಳಿ ಬಣ್ಣದ್ದು ಏನಿದ್ದರೂ ಕಂಪನಿಯದೇ ಆಯಿತು. ಸುತ್ತ ನೋಡಿದ ಅವನ ಕಣ್ಣು ಆಯಿಯ ಕೊರಳಿಗೆ ಬಿತ್ತು.

ಆಯಿ ಎಂದರೆ ಅಪ್ಪನ ತಾಯಿ. ಗಂಡ ಸತ್ತ ಮೇಲೆ ಒಬ್ಬನೇ ಮಗನ ಹಿಂದೆ ಹೈದರಾಬಾದಿಗೆ ಬಂದವಳು. ಈ ಊರಿನ ಒಂದಕ್ಷರ ಭಾಷೆ ಕಲಿಯಲಿಲ್ಲ, ಕಲಿಯಬೇಕೆಂದು ಅನ್ನಿಸಲೂ ಇಲ್ಲ. ನಾವು ಲಿಂಗವಂತರು. ಕೂಸಿದ್ದಾಗ ಕಟ್ಟಿದ ಇಷ್ಟಲಿಂಗ ಮಣ್ಣಿಗೆ ಹೋಗುವಾಗಲೂ ಮೈಮೇಲಿಂದ ದೂರವಾಗಬಾರದು ಎನ್ನುವವರು. ನನ್ನಂಥವರು ಪರೀಕ್ಷೆಯ ದಿನ ನೆನೆಸಿಕೊಳ್ಳುತ್ತಿದ್ದೆವು, ಆಯಿ ಮಾತ್ರ ಲಿಂಗಪೂಜೆ ಆಗದೆ ನೀರೂ ಕುಡಿಯುತ್ತಿರಲಿಲ್ಲ. ಅವಳ ಲಿಂಗ ಇದ್ದದ್ದು ಒಂದು ಬೆಳ್ಳಿಯ ಕರಡಿಗೆಯಲ್ಲಿ. ಸೊಸೆಯಾಗಿ ಬಂದ ವರ್ಷ ಅವಳ ಮಾವ ಊರಿನ ಪತ್ತಾರನನ್ನು, ಅಂದರೆ ಅಕ್ಕಸಾಲಿಗನನ್ನು, ಮನೆಗೆ ಕರೆಸಿ, ಲಿಂಗದ ಅಳತೆ ಕೊಟ್ಟು ಮಾಡಿಸಿದ್ದು. ಒಳಗೆ ಲಿಂಗವಿಟ್ಟು ಮುಚ್ಚಿದರೆ ಅಲುಗಾಡುತ್ತಿರಲಿಲ್ಲ. ಆಯಿ ದಿನಾ ಅದನ್ನು ವಿಭೂತಿಯಿಂದ ತಿಕ್ಕುತ್ತಿದ್ದಳು. ಹಾಗಾಗಿ ಅದು ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು.

"ಯೆ ತೋ ಬಿಲ್ಕುಲ್ ನಯಾ ಹೈ" ಎಂದ ಕೆಮಿಸ್ಟ್.

"ಏನಂತಾನ ತಂಗಿ ಅಂವ?" ಆಯಿ ನನ್ನನ್ನು ಕೇಳಿದಳು.

"ಕರಡಿಗಿ ಹೊಸಾದೈತಿ ಅಂತಾನ ಆಯಿ. ತೆಗದು ಕೊಡಬೇಕಂತ."

ಆರ್ಡರಿನಲ್ಲಿ ಬರೆದದ್ದು ಮನೆ ಹುಡುಕಲು, ಮೈಮೇಲಿನದಕ್ಕೆ ಕೈಹಾಕಲು ಅಲ್ಲ ಎಂದು ಆಮೇಲೆ ನಮ್ಮ ವಕೀಲರು ಹೇಳಿದರು. ಆಮೇಲೆ ಎಲ್ಲರೂ ಹೇಳುತ್ತಾರೆ. ಆಯಿ ಸ್ವಲ್ಪ ಹೊತ್ತು ಮಗನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ. "ಬೆಳ್ಳಿ ಬೇಕಂದ್ರ ಒಯ್ಯಲಿ, ಲಿಂಗ ನನ್ನ ಕೈಯಾಗ ಇರ್ಲಿ" ಎಂದು ತಾನೇ ಶಿವದಾರ ಬಿಚ್ಚಿದಳು. ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ಖಾಲಿ ಕರಡಿಗೆಯನ್ನು ಮುಂದೆ ಹಿಡಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮನುಷ್ಯನ ಕಸುಬೇ ಬೆಳ್ಳಿ. ಬೆಳ್ಳಿ ಗಾಳಿಗೆ ಕಪ್ಪಾಗುತ್ತದೆ, ಕಾರ್ಖಾನೆಯಲ್ಲಿ ಕರಿ ಉಂಡೆ ಕಂಡರೆ ಅವನು ಮೊದಲು ಕೆರೆದು ನೋಡುವವನು. ಇಷ್ಟಲಿಂಗದ ಕಲ್ಲಿನ ಮೇಲೆ ಕಪ್ಪು ಲೇಪ ಇರುತ್ತದೆ, ಕಂತಿ ಎನ್ನುತ್ತೇವೆ. ಅವನಿಗೆ ಅದೆಲ್ಲ ಹೇಗೆ ತಿಳಿಯಬೇಕು? ಆಯಿಯ ಅಂಗೈ ಮೇಲಿಂದ ಲಿಂಗವನ್ನು ಎರಡು ಬೆರಳಿನಲ್ಲಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದ, ಜೇಬಿನಿಂದ ಬ್ಲೇಡು ತೆಗೆದ. "ಅದನ್ನ ಮುಟ್ಟಬ್ಯಾಡ್ರಿ" ಎಂದು ನಾನು ಕೂಗಿದ್ದು ಕನ್ನಡದಲ್ಲಿ. ಅಷ್ಟು ಹೊತ್ತು ಬಾಯಿಗೆ ಬಂದ ತೆಲುಗು ಆ ಗಳಿಗೆಯಲ್ಲಿ ಬರಲಿಲ್ಲ. ಕಂತಿಯ ಒಂದು ಚಕ್ಕೆ ಎದ್ದು ನೆಲಕ್ಕೆ ಬಿತ್ತು. ಒಳಗೆ ಬೂದು ಬಣ್ಣದ ಕಲ್ಲು. "ಪತ್ಥರ್" ಎಂದು ಅವನು ಲಿಂಗವನ್ನು ಚಹಾದ ಕಪ್ಪಿನ ಪಕ್ಕ ಇಟ್ಟ. ಸಾರಿ ಎಂದೂ ಅಂದ.

ಅವರು ಕರಡಿಗೆಯನ್ನೂ ಉಳಿದ ಬೆಳ್ಳಿಯನ್ನೂ ಬಟ್ಟೆಯ ಚೀಲದಲ್ಲಿ ಹಾಕಿ, ಅರಗಿನ ಸೀಲು ಒತ್ತಿ, ಕೋರ್ಟಿಗೆ ಒಯ್ದರು. ಆಯಿ ನೆಲದ ಮೇಲಿನ ಚಕ್ಕೆಯನ್ನು ಹುಡುಕಿ ಎತ್ತಿ, ಲಿಂಗದ ಜೊತೆ ಒಂದು ಬಿಳಿ ಅರಿವೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಅವತ್ತು ಊಟ ಮಾಡಲಿಲ್ಲ. ಮುಕ್ಕಾದ ಲಿಂಗದ ಮುಂದೆ ಹೇಗೆ ಉಣ್ಣಲಿ ಎಂದಳು. ಅವಳು ಅತ್ತಿದ್ದರೆ ನಾವೂ ಅಳಬಹುದಿತ್ತು. ಅವಳು ಅಳಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಅಪ್ಪ ಬೆಳಗಿನ ಬಸ್ಸಿಗೆ ಜಹೀರಾಬಾದಿಗೆ ಹೋಗಿ, ಅಲ್ಲಿದ್ದ ನಮ್ಮವರ ಮನೆಗೆ ಬೀದರ ಕಡೆಯಿಂದ ಬಂದಿದ್ದ ಜಂಗಮ ಅಯ್ಯನವರನ್ನು ಕರೆತಂದ. ಅವರು ವಿಷಯ ಕೇಳಿ ಬಹಳ ಹೊತ್ತು ತಲೆ ಆಡಿಸಿದರು. ಆಮೇಲೆ ಹಳೆಯ ಲೇಪವನ್ನು ತೊಳೆದು, ಏನೇನೋ ಅರೆದು ಕಲಸಿ ಲಿಂಗಕ್ಕೆ ಹೊಸ ಕಂತಿ ಕಟ್ಟಿದರು. ಒಣಗಿಸಿದರು, ಮತ್ತೆ ಹಚ್ಚಿದರು, ಮತ್ತೆ ಒಣಗಿಸಿದರು. ಆಯಿಯ ಕೈಗೆ ಕೊಡುವಾಗ ಅವರ ಮುಖದಲ್ಲಿ ಒಂದು ಬಗೆಯ ಗೆಲುವಿತ್ತು.

"ಭಾಳ ದಪ್ಪ ಹಚ್ಚೀನ್ರಿ ಅಮ್ಮಾರ. ಇನ್ನ ಯಾವನ ಬ್ಲೇಡೂ ನಾಟಂಗಿಲ್ಲ."

ಆಯಿ ಪೂಜೆ ಮಾಡಿಕೊಂಡು ಉಂಡಳು. ಅವ್ವ ಅಯ್ಯನವರಿಗೆ ಹೋಳಿಗೆ ಮಾಡಿದ್ದಳು. ಅವತ್ತು ನಮ್ಮ ಮನೆಯಲ್ಲಿ ಎಲ್ಲರೂ ಒಂದಿಷ್ಟು ನಕ್ಕೆವು. ಕರಡಿಗೆಯ ಅಳತೆ ಯಾರಿಗೂ ನೆನಪಾಗಲಿಲ್ಲ. ಅದು ಮನೆಯಲ್ಲಿ ಇರಲಿಲ್ಲವಲ್ಲ.

ನಮ್ಮ ವಕೀಲರ ಆಫೀಸು ಕೋಠಿಯಲ್ಲಿ, ಔಷಧಿ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಟಿಂಚರಿನ ವಾಸನೆ. ಅವರು ಒಳ್ಳೆಯ ಮನುಷ್ಯ, ಆದರೆ ದಾರಿ ಕಾಣದೆ ಪೆನ್ನು ತಿರುಗಿಸುತ್ತಿದ್ದರು. ಆ ಬೆಳ್ಳಿ ನಮ್ಮದೇ ಎನ್ನಲು ರಸೀದಿ ಎಲ್ಲಿಂದ ತರೋಣ? ಊರಿನ ಪತ್ತಾರ ರಸೀದಿ ಕೊಡುತ್ತಾನೆಯೇ? ಅವನು ಸತ್ತೂ ಹೋಗಿದ್ದ. ಬೆಳ್ಳಿ ಬಂದರೆ ಬರಲಿ, ಹೋದರೆ ಹೋಗಲಿ ಎಂದು ಕೈಬಿಡುವ ಹಾಗೂ ಇರಲಿಲ್ಲ. ಅದು ಕಂಪನಿಯದು ಎಂದಾದರೆ ಅಪ್ಪ ಕಳ್ಳ ಎಂದೇ ಆಯಿತು.

ಕಾಲೊನಿಯಲ್ಲಿ ಆಗಲೇ ಅರ್ಧ ತೀರ್ಪು ಆಗಿಹೋಗಿತ್ತು. ದಿನಾ ಹೆಪ್ಪಿಗೆ ಮಜ್ಜಿಗೆ ಕೇಳಲು ಬರುತ್ತಿದ್ದ ಪಕ್ಕದ ಮನೆಯವರಿಗೆ ನಮ್ಮ ಮಜ್ಜಿಗೆ ಬೇಡವಾಯಿತು. ಕಂಪನಿಯ ಬಸ್ಸು ಬರುವ ಹೊತ್ತಿಗೆ ಅಪ್ಪ ಒಳಗಿನ ಕೋಣೆಗೆ ಹೋಗಿ ಕೂರುತ್ತಿದ್ದ.

ಕರಡಿಗೆ ಅಳತೆ ಕೊಟ್ಟು ಮಾಡಿಸಿದ್ದು ಎಂದು ನಾನು ಯಾವುದೋ ಮಾತಿಗೆ ಅಂದಾಗ ವಕೀಲರ ಪೆನ್ನು ನಿಂತಿತು. ಲಿಂಗವನ್ನು ಜಡ್ಜಿನ ಮುಂದೆ ಕರಡಿಗೆಯಲ್ಲಿಟ್ಟು ಮುಚ್ಚಿ ತೋರಿಸಿದರೆ ಸಾಕು ಎಂದರು. ಅದು ಹಳೆಯದು, ಆ ಮುದುಕಿಗಾಗಿಯೇ ಮಾಡಿಸಿದ್ದು ಎಂದು ಸಾಬೀತಾದರೆ, ಮನೆಯ ಬೆಳ್ಳಿಯೆಲ್ಲ ಕಾರ್ಖಾನೆಯದು ಎನ್ನುವ ಕಂಪನಿಯ ಮಾತು ಅಲ್ಲೇ ಬಿದ್ದುಹೋಗುತ್ತದೆ. ಲಿಂಗವನ್ನು ಕಂಡಕಂಡವರ ಮುಂದೆ ತೆಗೆಯುವವರಲ್ಲ ನಾವು. ತನ್ನ ತಾಯಿಯ ಹತ್ತಿರ ಆ ಮಾತೆತ್ತಲು ಅಪ್ಪನಿಗೆ ನಾಲಿಗೆ ಬರಲಿಲ್ಲ. ಕೊನೆಗೆ ಅವ್ವ ಹೇಳಿದಳು.

ಆಯಿ ಕೇಳಿಸಿಕೊಂಡು ಬತ್ತಿ ಹೊಸೆಯುತ್ತಾ ಕೂತಳು. ಸಂಜೆ ನನ್ನನ್ನು ಕರೆದು, "ನನ್ನ ಮಗ ಕಳ್ಳಲ್ಲ ಅಂತ ನಾಕ ಮಂದಿಗೆ ತಿಳದ್ರ ಸಾಕು. ನಡೀರಿ, ತೋರಸೂಣು" ಎಂದಳು. ಅವಳಿಗೆ ಅದು ಎಷ್ಟು ಕಷ್ಟದ ಮಾತು ಎಂದು ಗೊತ್ತಿದ್ದೂ ನಮಗೆಲ್ಲ ಖುಷಿಯಾಯಿತು.

ವಾಯಿದೆಯ ಮೇಲೆ ವಾಯಿದೆ ಬಿತ್ತು. ಪ್ರತಿ ಸಲವೂ ಆಯಿ ಉಪವಾಸವಿದ್ದು, ಮಡಿ ಸೀರೆ ಉಟ್ಟು, ಪಟಾನ್‌ಚೆರುವಿನಿಂದ ಬಸ್ಸಿನಲ್ಲಿ ನೂಕಾಡಿಸಿಕೊಂಡು ಬರುತ್ತಿದ್ದಳು. ಕೋರ್ಟಿನ ವರಾಂಡದಲ್ಲಿ ಸೆರಗು ಹೊದ್ದು ಕೂತು, ಇವತ್ತಲ್ಲ ಎಂದ ಕೂಡಲೇ ಎದ್ದು ಬರುತ್ತಿದ್ದಳು. ಕೊನೆಗೊಮ್ಮೆ ನಮ್ಮನ್ನು ಒಳಗೆ ಕರೆದರು.

ಜಡ್ಜ್ ಮೆತ್ತಗಿನ ಮಾತಿನವರು. ಆಯಿಗೆ ಕುರ್ಚಿ ಹಾಕಿಸಿದರು. ಗುಮಾಸ್ತ ಚೀಲದ ಅರಗು ಒಡೆದು ಕರಡಿಗೆ ತೆಗೆದ. ತಿಕ್ಕುವವರಿಲ್ಲದೆ ಅದು ಕಪ್ಪಾಗಿತ್ತು. ಆಯಿ ಅದನ್ನು ಸೆರಗಿನಿಂದ ಒರೆಸಿದಳು, ಗಡಿಬಿಡಿ ಮಾಡಲಿಲ್ಲ. ಕೊರಳಿನ ಅರಿವೆ ಬಿಚ್ಚಿ, ಎಲ್ಲರಿಗೂ ಬೆನ್ನು ತಿರುಗಿಸಿ, ಲಿಂಗವನ್ನು ಹಣೆಗೆ ಒತ್ತಿಕೊಂಡು, ಮತ್ತೆ ಜಡ್ಜಿನ ಕಡೆ ತಿರುಗಿ ಅದನ್ನು ಕರಡಿಗೆಯೊಳಗೆ ಇಳಿಸಿದಳು.

ಮುಚ್ಚಳ ಕೂರಲಿಲ್ಲ.

ಆಯಿ ಹೆಬ್ಬೆರಳಿನಿಂದ ಒತ್ತಿದಳು. ತೆಗೆದು, ಲಿಂಗವನ್ನು ಒಂದಿಷ್ಟು ತಿರುಗಿಸಿ ಇಟ್ಟು, ಮತ್ತೆ ಒತ್ತಿದಳು. ಮುಚ್ಚಳ ಬಾಯಿ ತೆರೆದುಕೊಂಡೇ ಉಳಿಯಿತು. ನನಗೆ ಆಗ ಹೊಳೆಯಿತು, ಅಯ್ಯನವರ ದಪ್ಪ ಕಂತಿ. ನಾನು ಎದ್ದು ತಡವರಿಸುತ್ತಾ ತೆಲುಗಿನಲ್ಲಿ ಹೇಳಿದೆ. ಕಂಪನಿಯ ಕೆಮಿಸ್ಟ್ ಕೆರೆದರು, ಅದಕ್ಕೆ ಹೊಸ ಲೇಪ ಹಚ್ಚಿಸಿದೆವು, ಅದಕ್ಕೇ ಹಿಡಿಸುತ್ತಿಲ್ಲ. ನನ್ನ ಬಾಯಲ್ಲೇ ಅದು ಕಟ್ಟುಕತೆಯಂತೆ ಕೇಳಿಸಿತು. ಕಂಪನಿಯ ವಕೀಲ ಪೂರ್ತಿ ಎದ್ದು ನಿಲ್ಲುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಅರ್ಧ ಎದ್ದು, "ಅಳತೆ ಬೇರೆ ಯಾರದೋ ಇರಬೇಕು" ಎಂದು ಕೂತ.

ಜಡ್ಜ್ ನನ್ನ ಮಾತನ್ನು ತಳ್ಳಿಹಾಕಲಿಲ್ಲ. ಅವರು ಒಳ್ಳೆಯದನ್ನೇ ಯೋಚಿಸಿದರು, ಅದೇ ಕಷ್ಟವಾಯಿತು. "ಮೇಲಿನದು ಬರೀ ಲೇಪ ತಾನೆ? ಇಲ್ಲೇ ಸ್ವಲ್ಪ ಕೆರೆದು ತೆಗೆಯಿರಿ. ಆಗ ಹಿಡಿಸಿದರೆ ನಾನು ಒಪ್ಪುತ್ತೇನೆ. ಅಜ್ಜಿಗೆ ಹೇಳಮ್ಮಾ" ಎಂದರು.

"ಏನಂತಾರ ತಂಗಿ?" ಎಂದಳು ಆಯಿ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಮುಂದೆ ಬಂದ.

"ವದ್ದಂಡಿ" ಎಂದ. ಬೇಡ ಸ್ವಾಮಿ ಎಂದು. ಆ ಬೆಳ್ಳಿ ನಮಗೆ ಬೇಡ, ಕೇಸೂ ಬೇಡ, ನಮ್ಮ ತಾಯಿಯನ್ನು ಮನೆಗೆ ಕಳಿಸಿಕೊಡಿ ಎಂದ. ನಮ್ಮ ವಕೀಲರು ಅವನ ತೋಳು ಹಿಡಿದು ಜಗ್ಗಿದರು. ಅವನು ಅಲುಗಲಿಲ್ಲ. ಅಷ್ಟು ತಿಂಗಳಲ್ಲಿ ಅಪ್ಪ ತಾನಾಗಿ ಆಡಿದ್ದು ಅದೊಂದೇ ಮಾತು. ಅದರಲ್ಲೇ ಅವನು ಮುಗಿದುಹೋದ. ಬೆಳ್ಳಿ ಕಂಪನಿಗೆ ಸೇರಿತು. ತಾನಾಗಿ ರಾಜೀನಾಮೆ ಕೊಟ್ಟರೆ ಪೊಲೀಸ್ ಕೇಸು ಹಾಕುವುದಿಲ್ಲ ಎಂದು ಕಂಪನಿಯವರು ಅಲ್ಲೇ ವರಾಂಡದಲ್ಲಿ ದೊಡ್ಡಸ್ತಿಕೆ ತೋರಿಸಿದರು. ಅಪ್ಪ ಸಹಿ ಮಾಡಿಕೊಟ್ಟ. ಕಾರ್ಖಾನೆಯ ಬೆಳ್ಳಿ ನಿಜಕ್ಕೂ ಎಲ್ಲಿ ಹೋಯಿತೋ ನನಗೆ ಇವತ್ತಿಗೂ ತಿಳಿಯದು.

ಬಸ್ಸಿನಲ್ಲಿ ಆಯಿ ನನ್ನ ಪಕ್ಕ ಕೂತಿದ್ದಳು. ಅಪ್ಪ ಮುಂದೆ ಕಂಬಿ ಹಿಡಿದು ನಿಂತಿದ್ದ. ಸಾಹೇಬ ಏನು ಕೇಳಿದ ಎಂದು ಅವಳು ಮತ್ತೆ ಕೇಳಿದಾಗ ನಾನು ಹೇಳಿಬಿಟ್ಟೆ.

"ಅಷ್ಟೇನು?" ಎಂದಳು. "ನಾನ ಕೆರದು ತೋರಸ್ತಿದ್ದೆ. ಅಯ್ಯನೋರು ಮತ್ತ ಕಟ್ಟಿ ಕೊಡತಿದ್ರು. ಅಂವ ಯಾಕ ಬ್ಯಾಡಂದ?"

ನಿನಗಾಗಿಯೇ ಎಂದೆ. ಅವಳು ಮುಂದೆ ನಿಂತಿದ್ದ ಮಗನ ಬೆನ್ನನ್ನು ನೋಡುತ್ತಾ ಕೂತಳು.

ಸಂಜೆ ಅವ್ವ ಬಿಸಿ ರೊಟ್ಟಿ ಬಡಿದು ಹಾಕಿದಳು. ಬೆಳಗಿನಿಂದ ಯಾರೂ ಉಂಡಿರಲಿಲ್ಲ. ಅಪ್ಪ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿದ. ಆಯಿ ಪೂಜೆ ಮುಗಿಸಿ, ಅರಿವೆಯ ಗಂಟನ್ನು ಕೊರಳಿಗೆ ಹಾಕಿಕೊಂಡು ಬಂದು ಅವನ ಎದುರಿಗೆ ಕೂತಳು. ಅವನು ಎರಡು ತುತ್ತು ತಿನ್ನುವವರೆಗೆ ತಡೆದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಖರೇ ಹೇಳಪಾ. ನೀ ತಗೊಂಡಿದ್ದಿಲ್ಲ ಹೌದಲ್ಲೋ?"

ಒಲೆಯ ಮುಂದೆ ಅವ್ವನ ಕೈ ನಿಂತಿತು. ಅಪ್ಪ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಗೆ ಹಾಕಿ ಎದ್ದು ನಿಂತ. ಆಫೀಸರುಗಳ ಮುಂದೆ ನಿಂತ ಹಾಗೆ, ಎಂಜಲು ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಮುಂದಕ್ಕೆ ಕಟ್ಟಿಕೊಂಡು, ನೆಲ ನೋಡುತ್ತಾ, "ಇಲ್ರಿ. ನಾ ತಗೊಂಡಿಲ್ರಿ" ಎಂದ.

ಆಯಿ ಬಹಳ ಹೊತ್ತಿನ ಮೇಲೆ "ಕೂಡಪಾ, ಉಣ್ಣು" ಎಂದಳು. ಅವಳು ಹೇಳುವವರೆಗೂ ಅವನು ಹಾಗೇ ನಿಂತಿದ್ದ.